ಮುಂದಿನ ಚಕ್ರದ ಮೇಲೆ ನಿಂತವಳು

ಅಬ್ಬೂರುಕಟ್ಟೆಯ ಭವ್ಯಶ್ರೀಗೆ ಇಪ್ಪತ್ತಮೂರು ತುಂಬಿದ ವರ್ಷ, ಜನವರಿ ತಿಂಗಳ ಒಂದು ಬೆಳಿಗ್ಗೆ, ಬೈಕಿನಲ್ಲಿ ಸೋಮವಾರಪೇಟೆಗೆ ಕೆಲಸಕ್ಕೆ ಹೊರಟವಳ ಎದುರಿಗಿದ್ದ ಪಿಕಪ್ ಗಾಡಿ ದನ ಅಡ್ಡ ಬಂತೆಂದು ಗಕ್ಕನೆ ನಿಂತಿತು. ಅವಳು ಹೆದರಿ ಮುಂದಿನ ಬ್ರೇಕನ್ನು ಇಡೀ ಅಂಗೈಯಲ್ಲಿ ಹಿಚುಕಿದಳು. ರಸ್ತೆಯ ಅಂಚಿನಲ್ಲಿ ಜಲ್ಲಿ ಚೆಲ್ಲಿತ್ತು. ಚಕ್ರ ಕಚ್ಚಿಕೊಂಡು ಜಾರಿತು. ಅವಳು ಹ್ಯಾಂಡಲ್ ದಾಟಿ ಹಾರಿ ಪಿಕಪ್ಪಿನ ಹಿಂಬಾಗಿಲಿಗೆ ಭುಜ ಕೊಟ್ಟು ಬಿದ್ದಳು. ಎಡಭುಜಕ್ಕೂ ಕತ್ತಿಗೂ ನಡುವಿನ ಮೂಳೆ ಒಣಕಡ್ಡಿಯ ಹಾಗೆ ಲಟಕ್ಕೆಂದದ್ದು ಅವಳಿಗೇ ಕೇಳಿಸಿತು.

ಭವ್ಯಶ್ರೀ ಪೇಟೆಯ ಗೊಬ್ಬರದಂಗಡಿಯೊಂದರಲ್ಲಿ ಬಿಲ್ ಹಾಕುವ ಕೆಲಸಕ್ಕಿದ್ದಳು. ಅವಳಪ್ಪ ಗಂಗಣ್ಣ ಏಲಕ್ಕಿ, ಮೆಣಸು ಕೊಂಡು ಮಾರುವವರು. ಮಾತು ಕಡಿಮೆ, ಕೈ ಬೇಗ. ಮಗಳು ಬೈಕ್ ಓಡಿಸುವುದು ಅವರಿಗೆ ಮೊದಲಿಂದಲೂ ಸರಿಬರುತ್ತಿರಲಿಲ್ಲ. ಆದರೆ ಅವಳು ತನ್ನ ಸಂಬಳದಲ್ಲೇ ಕೊಂಡ ಹಳೆಯ ಬೈಕಾದ್ದರಿಂದ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರು.

ಮೂಳೆ ಕೂಡಿದ ಮೇಲೆ ಬೈಕ್ ತರಲು ಅವಳು ಕೀರ್ತಿಕುಮಾರನ ಗ್ಯಾರೇಜಿಗೆ ಹೋದಳು. ಅವನು ಒಂದು ಕಾಲದಲ್ಲಿ ಮೈಸೂರಿನಲ್ಲಿ ಬೈಕ್ ಸ್ಟಂಟ್ ಮಾಡಿಕೊಂಡಿದ್ದವನು. ಬಲಗೈಯ ಕಿರುಬೆರಳನ್ನು ಚೈನಿಗೆ ಕೊಟ್ಟು, ಮದುವೆಯಾಗಿ, ಊರಿಗೆ ಬಂದು ಮೆಕ್ಯಾನಿಕ್ ಆಗಿದ್ದ.

"ಮುಂದಿನ ಬ್ರೇಕ್ ತೆಗ್ದುಬಿಡಿ ಕೀರ್ತಣ್ಣ. ಹಿಂದಿಂದು ಒಂದೇ ಸಾಕು ನಂಗೆ," ಎಂದಳು.

ಅವನು ಎಣ್ಣೆ ಕೈ ಒರೆಸಿಕೊಂಡು ಅವಳ ಮುಖ ನೋಡಿದ. "ತಂಗಿ, ಗಾಡಿ ನಿಲ್ಸೋ ಶಕ್ತಿ ಎಲ್ಲ ಇರೋದು ಮುಂದೇನೆ. ಅದುನ್ನ ತೆಗ್ದು ಹಾಕಿ ಎಲ್ಲಿಗೆ ಹೋಗ್ತೀಯ? ಹಿಡಿಯೋದು ಕಲ್ತ್ಕೊ."

"ಕಲಿಸ್ತೀರಾ?"

ಮಾತಿಗೆ ಕೇಳಿದ್ದಳು. ಆದರೆ ಅವನು ಆ ಭಾನುವಾರವೇ ಮರುಳಸಿದ್ದಪ್ಪನವರ ತೋಟಕ್ಕೆ ಬರಹೇಳಿದ. ಅವರ ಜನರೇಟರ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಎಲ್ಲ ರಿಪೇರಿ ಮಾಡುವವನು ಕೀರ್ತಿಯೇ. ಕಾಫಿ ಒಣಗಿಸಿ ಚೀಲ ತುಂಬಿಯಾದ ಮೇಲೆ ಅವರ ಸಿಮೆಂಟಿನ ಕಣ ಮಳೆ ಹಿಡಿಯುವ ತನಕ ಖಾಲಿ ಬಿದ್ದಿರುತ್ತಿತ್ತು. ಅಲ್ಲಿ ಆಗಲೇ ಮೂರು ನಾಲ್ಕು ಮಂದಿ ಹುಡುಗರು ಕೀರ್ತಿಯ ಹತ್ತಿರ ಕಲಿಯುತ್ತಿದ್ದರು. ಅವರಲ್ಲಿ ಮುಂದಿದ್ದವನು ನಿತೇಶ. ಟಿಂಬರ್ ಲಾರಿ ಓಡಿಸುತ್ತಿದ್ದ, ಇಪ್ಪತ್ತಾರರ ಗಟ್ಟಿ ಆಳು. ಅವನು ಓಡುತ್ತಿದ್ದ ಬೈಕಿನ ಮುಂದಿನ ಬ್ರೇಕ್ ಒತ್ತಿ, ಹಿಂದಿನ ಚಕ್ರವನ್ನು ಎದೆಯೆತ್ತರಕ್ಕೆ ಎತ್ತಿ, ಮುಂದಿನ ಚಕ್ರ ಒಂದರ ಮೇಲೆಯೇ ಉರುಳಿಕೊಂಡು ಬಂದು ಅವಳ ಕಾಲಬುಡದಲ್ಲಿ ನಿಲ್ಲಿಸಿದ. ಅವಳನ್ನು ಹೆದರಿಸುವುದಕ್ಕೆಂದೇ ಹಾಗೆ ಮಾಡಿದ್ದ. ಅವಳು ಹೆದರಿದಳು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ, ತನ್ನ ಮೂಳೆ ಮುರಿದ ಅದೇ ಬ್ರೇಕು ಇವನ ಎರಡು ಬೆರಳಿಗೆ ಹೀಗೆ ಬಗ್ಗಿ ನಡೆಯುವುದನ್ನು ಕಂಡು ಅವಳಿಗೆ ಅಸೂಯೆಯಾಯಿತು.

ಆ ಬೇಸಿಗೆ ಪೂರ್ತಿ ಅವಳು ಬಿದ್ದಳು. ಕೀರ್ತಿ ಹೇಳಿಕೊಟ್ಟದ್ದು ಕೇಳುವುದಕ್ಕೆ ಸುಲಭವಾಗಿತ್ತು. ಕ್ಲಚ್ ಹಿಡಿ, ಮೊಣಕಾಲಲ್ಲಿ ಟ್ಯಾಂಕ್ ಕಚ್ಚು, ಎರಡೇ ಬೆರಳಲ್ಲಿ ಮೊದಲು ಮೆಲ್ಲಗೆ ಒತ್ತು, ಮುಂದಿನ ಶಾಕ್ ಕುಗ್ಗಿ ಭಾರವೆಲ್ಲ ಚಕ್ರದ ಮೇಲೆ ಕೂತ ಮೇಲೆ ಇನ್ನಷ್ಟು ಒತ್ತು. ಹಿಂಬದಿ ಮೇಲೆದ್ದದ್ದು ಹೆಚ್ಚಾಯಿತು ಅನ್ನಿಸಿದರೆ ಬೆರಳು ಸಡಿಲಿಸು, ಅಷ್ಟೆ. ಮೈಗೆ ಅದು ತಿಳಿಯಲು ಮೂರು ತಿಂಗಳು ಹಿಡಿಯಿತು. ಬೇಗ ಒತ್ತಿದರೆ ಚಕ್ರ ಕಚ್ಚಿ ಪಕ್ಕಕ್ಕೆ ಎಸೆಯುತ್ತಿತ್ತು. ತಡವಾಗಿ ಸಡಿಲಿಸಿದರೆ ಇಡೀ ಬೈಕು ತಲೆಯ ಮೇಲಿಂದ ಮಗುಚಿ ಬೆನ್ನಿಗೆ ಬಡಿಯುತ್ತಿತ್ತು. ಬಿಸಿ ಸೈಲೆನ್ಸರ್ ಒಳತೊಡೆಗೆ ತಾಗಿ ಅಂಗೈಯಗಲ ಚರ್ಮ ಕಿತ್ತುಬಂತು. ಸಿಮೆಂಟು ಮೊಣಕೈಯನ್ನು ತೆಂಗಿನಕಾಯಿ ತುರಿದ ಹಾಗೆ ತುರಿಯಿತು. ಮನೆಯಲ್ಲಿ ತಾಯಿ ವಿಶಾಲಾಕ್ಷಮ್ಮನಿಗೆ ಅಂಗಡಿಯ ಮೆಟ್ಟಿಲಲ್ಲಿ ಜಾರಿದೆ ಎಂದು ಹೇಳಿದಳು. ತಾಯಿ ಒಂದು ಸಲ ನಂಬಿದರು. ಎರಡನೆಯ ಸಲದಿಂದ ಏನೂ ಕೇಳದೆ ಅರಿಶಿನ, ಕೊಬ್ಬರಿ ಎಣ್ಣೆ ಕಾಸಿ ತಂದಿಡುತ್ತಿದ್ದರು.

ಎರಡನೆಯ ಬೇಸಿಗೆಯ ಹೊತ್ತಿಗೆ ಅವಳು ಚಕ್ರ ಎತ್ತಿಕೊಂಡು ಮೂವತ್ತು ಅಡಿ ಉರುಳುತ್ತಿದ್ದಳು. ಅದಾದ ಮೇಲಿನ ಪಾಠ ತಿರುಗಿಸುವುದು. ಹಿಂಬದಿ ಗಾಳಿಯಲ್ಲಿರುವಾಗಲೇ ಅದನ್ನು ಬೀಸಿ, ಬೈಕು ಬಂದ ದಾರಿಗೇ ಮುಖ ಮಾಡಿ ಇಳಿಯುವ ಹಾಗೆ ಮಾಡಬೇಕು. ಅದು ನಿತೇಶನಿಗೂ ಸರಿಯಾಗಿ ಬಂದಿರಲಿಲ್ಲ. ಹತ್ತಕ್ಕೆ ಒಂದು ಸಲ ಬಂದರೆ ಹೆಚ್ಚು. ಅಷ್ಟರಲ್ಲಿ ಅವನು ಕುಡಿದು ಕಣಕ್ಕೆ ಬಂದು ಒಬ್ಬನ ಕಾಲಿನ ಮೇಲೆ ಬೈಕ್ ಹತ್ತಿಸಿದ್ದರಿಂದ ಕೀರ್ತಿ ಅವನ ಕಪಾಳಕ್ಕೆ ಬಾರಿಸಿ, ಇನ್ನು ಈ ಕಡೆ ಕಾಲಿಡಬೇಡ ಎಂದು ಓಡಿಸಿದ್ದ. ತನ್ನನ್ನು ಓಡಿಸಿದ ಕಣದಲ್ಲಿ ಒಬ್ಬ ಹುಡುಗಿ ಕಲಿಯುತ್ತಿದ್ದಾಳೆ ಎನ್ನುವುದು ನಿತೇಶನಿಗೆ ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು.

ಏಪ್ರಿಲಿನ ಒಂದು ಭಾನುವಾರ ಮಧ್ಯಾಹ್ನ ಕೀರ್ತಿ ಜನರೇಟರ್ ನೋಡಲು ಮರುಳಸಿದ್ದಪ್ಪನವರ ಮನೆಯ ಕಡೆ ಹೋಗಿದ್ದ. ಕಣದಲ್ಲಿ ಭವ್ಯಶ್ರೀ ಒಬ್ಬಳೇ. ಆಗ ನಿತೇಶ ಇಬ್ಬರು ಗೆಳೆಯರ ಜೊತೆ ಬಂದು ಕಣದಂಚಿನ ಕಟ್ಟೆಯ ಮೇಲೆ ಕೂತ. ಕೈಯಲ್ಲಿ ಬಿಯರ್ ಬಾಟಲಿ. ಒಬ್ಬ ಮೊಬೈಲ್ ತೆಗೆದು ವಿಡಿಯೊ ಮಾಡತೊಡಗಿದ.

"ತಿರುಗ್ಸಮ್ಮ, ತಿರುಗ್ಸು, ನೋಡನ," ಎಂದು ನಿತೇಶ ಕೂಗಿದ.

ಅವರೆದುರೇ ಎರಡು ಸಲ ಎತ್ತಿ ತಿರುಗಿಸಲಾಗದೆ ಇಳಿಸಿದ್ದ ಅವಳು ಮತ್ತೆ ಕಣದ ಆಚೆ ತುದಿಗೆ ಹೋದಳು. ದೂರದಿಂದ ಬಂದಳು, ಬೆರಳು ಒತ್ತಿದಳು, ಹಿಂದಿನ ಚಕ್ರ ಎದ್ದಿತು. ಅಷ್ಟರಲ್ಲಿ ನಿತೇಶ ಕಟ್ಟೆಯಿಂದ ಹಾರಿ ನಾಲ್ಕು ಹೆಜ್ಜೆ ಓಡಿ ಬಂದು ಗಾಳಿಯಲ್ಲಿದ್ದ ಚಕ್ರಕ್ಕೆ ಜೋರಾಗಿ ಒದ್ದ.

ಬೈಕು ಬುಗುರಿಯಂತೆ ಸುತ್ತಿ ಬಿತ್ತು. ಅವಳು ಹೆಲ್ಮೆಟ್ಟಿನ ಮೇಲೆ ಬಿದ್ದು, ಎರಡು ಉರುಳು ಉರುಳಿ, ಎಡ ಭುಜ ಅಡಿಯಾಗಿ ಬಿದ್ದಳು. ಕೂಡಿದ್ದ ಮೂಳೆ ಅದೇ ಜಾಗದಲ್ಲಿ ಮತ್ತೆ ಮುರಿಯಿತು. ಹೆಲ್ಮೆಟ್ಟಿನ ಗಾಜು ಒಡೆದು ಗದ್ದ ಸೀಳಿ ಕುತ್ತಿಗೆಗೆ ಬಿಸಿಯಾಗಿ ರಕ್ತ ಇಳಿಯಿತು.

"ನೋಡು, ತಿರುಗ್ತಲ್ಲ!" ಎಂದು ನಿತೇಶ ನಗುತ್ತಿದ್ದ.

ಅವಳು ಎದ್ದಳು. ಬಲಗೈಯಲ್ಲಿ ಹೆಲ್ಮೆಟ್ ಕಳಚಿ ಪಟ್ಟಿ ಹಿಡಿದು ಬೀಸಿದಳು. ಅದು ಅವನ ಕೆನ್ನೆಯ ಮೂಳೆಗೆ ಬಡಿಯಿತು. ಅವನು ಮಂಡಿಯೂರಿ ಕುಸಿದು, ಒಂದು ಕೈ ನೆಲಕ್ಕೆ ಕೊಟ್ಟು, "ಏಯ್" ಎಂದು ತಲೆ ಎತ್ತಿದ. ಆ ಮುಖದಲ್ಲಿ ಆಗ ನಗು ಇರಲಿಲ್ಲ, ಹೊಡೆಯುವ ಹುಮ್ಮಸ್ಸೂ ಇರಲಿಲ್ಲ. ಅವಳಿಗೆ ಅದು ಚೆನ್ನಾಗಿ ಕಂಡಿತ್ತು. ಕಂಡೂ ಇನ್ನೊಂದು ಸಲ ಬೀಸಿದಳು. ಹೆಲ್ಮೆಟ್ಟಿನ ಅಂಚಿನಲ್ಲಿ ಸಿಕ್ಕಿಕೊಂಡಿದ್ದ ಗಾಜಿನ ಚೂಪು ಅವನ ಎಡಗಣ್ಣಿಗೆ ಹೊಕ್ಕಿತು.

ಅವನು ಕೂಗಿದ ಕೂಗಿಗೆ ಮನೆಯ ಕಡೆಯಿಂದ ಕೀರ್ತಿ ಓಡಿ ಬಂದ. ಗೆಳೆಯರು ಅಷ್ಟರಲ್ಲೇ ಕಾಫಿ ಗಿಡಗಳ ನಡುವೆ ನುಗ್ಗಿ ಮಾಯವಾಗಿದ್ದರು. ನಿತೇಶ ಕಣದ ಸಿಮೆಂಟಿಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಬೆರಳ ಸಂದಿಯಿಂದ ರಕ್ತದ ಜೊತೆ ಇನ್ನೇನೋ ನೀರಾಗಿ ಇಳಿಯುತ್ತಿತ್ತು.

"ಏನ್ ಮಾಡ್ಬಿಟ್ಟೆ ಭವ್ಯ?" ಎಂದ ಕೀರ್ತಿ. ಅವಳ ಕೈಯಲ್ಲಿ ಹೆಲ್ಮೆಟ್ ಇನ್ನೂ ತೂಗುತ್ತಿತ್ತು.

ಇಬ್ಬರನ್ನೂ ಒಂದೇ ವ್ಯಾನಿನಲ್ಲಿ ಹಾಕಿಕೊಂಡು ಅವನು ಮಡಿಕೇರಿಗೆ ಓಡಿಸಿದ. ಅಲ್ಲಿಂದ ನಿತೇಶನನ್ನು ಮೈಸೂರಿಗೆ ಕಳಿಸಿದರು. ಕಣ್ಣು ಉಳಿಯಲಿಲ್ಲ.

ಪೊಲೀಸರು ಬಂದು ಕೇಳಿದಾಗ ನಿತೇಶ, ತಾನೇ ಬೈಕಿನಿಂದ ಬಿದ್ದೆ ಎಂದು ಹೇಳಿಕೆ ಕೊಟ್ಟ. ಒದ್ದದ್ದು ಗೆಳೆಯನ ಮೊಬೈಲಿನಲ್ಲಿ ಸ್ಪಷ್ಟವಾಗಿ ಇತ್ತು. ಅದು ಹೊರಗೆ ಬಂದರೆ ತನ್ನ ಮೇಲೂ ಕೇಸು ಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೆಣ್ಣಿನ ಕೈಯಲ್ಲಿ ಏಟು ತಿಂದೆ ಎಂದು ಹೇಳಿಕೊಳ್ಳುವುದೂ ಅವನಿಂದ ಆಗುತ್ತಿರಲಿಲ್ಲ. ಭವ್ಯಶ್ರೀ ಬಾಯಿ ತೆರೆಯಲಿಲ್ಲ. ಗದ್ದಕ್ಕೆ ಒಂಬತ್ತು ಹೊಲಿಗೆ ಬಿದ್ದಿದ್ದವು. ಆದರೆ ಬಾಯಿ ಮುಚ್ಚಿದ್ದು ಹೊಲಿಗೆಗಳಿಂದಲ್ಲ, ಹೆದರಿಕೆಯಿಂದ.

ಪೇಟೆಯಲ್ಲಿ ಸುದ್ದಿ ನಿಲ್ಲುತ್ತದೆಯೇ? ಮೂರನೆಯ ದಿನ ಗಂಗಣ್ಣ ಅಂಗಡಿ ಮುಚ್ಚಿ ಮನೆಗೆ ಬಂದು, ಹಿತ್ತಲಲ್ಲಿದ್ದ ಹಾರೆ ಎತ್ತಿಕೊಂಡು ಕೀರ್ತಿ ತಂದು ಅಂಗಳದಲ್ಲಿ ನಿಲ್ಲಿಸಿದ್ದ ಬೈಕಿನ ಮೇಲೆ ಬಿದ್ದರು. ಲೈಟು ಒಡೆಯಿತು, ಟ್ಯಾಂಕು ತೂತಾಗಿ ಪೆಟ್ರೋಲು ತುಳಸಿಕಟ್ಟೆಯವರೆಗೆ ಹರಿಯಿತು. ಮುಂದಿನ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಮುರಿದರು. ಆಮೇಲೆ ಒಳಗೆ ಬಂದು, ಪಟ್ಟಿ ಕಟ್ಟಿಕೊಂಡು ಕೂತಿದ್ದ ಮಗಳ ಮೇಲೆ ಕೈ ಎತ್ತಿದರು. ಮೊದಲ ಏಟು ಅವಳ ಕಿವಿಗೆ ಬಿತ್ತು. ಎರಡನೆಯದಕ್ಕೆ ವಿಶಾಲಾಕ್ಷಮ್ಮ ಅಡ್ಡ ಬಂದು ಕೈಯೊಡ್ಡಿದರು. ಬಳೆ ಚೂರಾಗಿ ಮಣಿಕಟ್ಟಿಗೆ ನಾಟಿತು.

"ಕೊಂದುಬುಡಿ ಇಬ್ರುನ್ನೂ. ಆಮೇಲೆ ಅನ್ನ ನೀವೇ ಬೇಯ್ಸ್ಕಳಿ," ಎಂದರು ವಿಶಾಲಾಕ್ಷಮ್ಮ. ಗಂಡನ ಎದುರು ಅವರು ಅಷ್ಟು ಮಾತಾಡಿದ್ದು ಅದೇ ಮೊದಲು. ಗಂಗಣ್ಣ ಹೆಂಡತಿಯ ಕೈಯಿಂದ ಇಳಿಯುತ್ತಿದ್ದ ರಕ್ತ ನೋಡುತ್ತಾ ನಿಂತು, ಹೊರಗೆ ಹೋಗಿ ಜಗಲಿಯ ಮೇಲೆ ಕೂತರು.

ಮರುವಾರ ನಿತೇಶನ ತಾಯಿ ಸುಮಿತ್ರಮ್ಮ ಬಂದರು. ಗಂಡ ಸತ್ತ ಮೇಲೆ ಒಬ್ಬನೇ ಮಗನನ್ನು ಬೆಳೆಸಿದ ಹೆಂಗಸು. ಅಂಗಳದಲ್ಲೇ ನಿಂತು ಕೇಳಿದರು. "ನನ್ ಮಗ ಬಿದ್ದೆ ಅಂತಾನೆ. ನೀನೇಳು. ಏನಾಯ್ತು?"

ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಭವ್ಯಶ್ರೀ ಜಗಲಿಯಿಂದ ಇಳಿದು ಅವರ ಎದುರಿಗೆ ನಿಂತಳು. "ಅವ್ನು ಒದ್ದ ಅಮ್ಮ. ನಾನು ಹೊಡ್ದೆ. ಒಂದು ಏಟಿಗೇ ಬಿದ್ದಿದ್ದ. ಎರಡ್ನೇದು ಹೊಡಿಬಾರ್ದಿತ್ತು. ಕಣ್ಣು ಹೋಗಿದ್ದು ಎರಡ್ನೇದ್ರಲ್ಲೇ."

ಸುಮಿತ್ರಮ್ಮ ಚಪ್ಪಲಿ ತೆಗೆದುಕೊಂಡರು. ಮುಖಕ್ಕೆ, ತಲೆಗೆ, ಪಟ್ಟಿ ಕಟ್ಟಿದ ಭುಜಕ್ಕೆ ಹೊಡೆದರು. ಜಡೆ ಹಿಡಿದು ಎಳೆದಾಡಿದರು. ಗದ್ದದ ಹೊಲಿಗೆ ಬಿಚ್ಚಿ ರಕ್ತ ಬಂತು. ಭವ್ಯಶ್ರೀ ಕೈ ಅಡ್ಡ ಹಿಡಿಯಲಿಲ್ಲ. ಓಡಿ ಬಂದ ತಾಯಿಯನ್ನು "ನೀ ಬರ್ಬೇಡಮ್ಮ" ಎಂದು ತಡೆದಳು. ಕೊನೆಗೆ ಸುಮಿತ್ರಮ್ಮನಿಗೇ ದಮ್ಮು ಕಟ್ಟಿ ನೆಲಕ್ಕೆ ಕೂತು ಅತ್ತರು.

"ಸ್ಟೇಷನ್ನಿಗೆ ಹೋಗಾದು ಬ್ಯಾಡ. ಇಬ್ರೂ ಒಳಗೋಗ್ತೀರಿ," ಎಂದರು ಏಳುವಾಗ. "ತಿಂಗ್ಳಿಗೊಂದ್ಸಲ ಮೈಸೂರಿಗೆ ಕಣ್ಣಿನ್ ಡಾಕ್ಟ್ರತ್ರ ಕರ್ಕೊಂಡೋಗ್ಬೇಕು. ನಂಗೆ ಬಸ್ಸಲ್ಲಿ ಕೂರಾಕಾಗಲ್ಲ, ವಾಂತಿ. ನೀನ್ ಕರ್ಕೊಂಡೋಗು. ನೀನ್ ಮಾಡಿದ್ದುನ್ನ ನೀನ್ ನೋಡು."

ಹಾಗೆ ಭವ್ಯಶ್ರೀ ಆರು ತಿಂಗಳು ನಿತೇಶನ ಜೊತೆ ಕುಶಾಲನಗರದ ಮೇಲೆ ಮೈಸೂರಿಗೆ ಹೋಗಿ ಬಂದಳು. ಗಂಗಣ್ಣ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂರುತ್ತಿದ್ದರು. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುತ್ತಿರಲಿಲ್ಲವಾಗಿ ಅವನು ಲೋಟಕ್ಕೆ ನೀರು ಸುರಿದರೆ ಮೇಜಿಗೆ ಚೆಲ್ಲುತ್ತಿತ್ತು. ಮೂರನೆಯ ತಿಂಗಳು ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಮೆಟ್ಟಿಲು ತಪ್ಪಿ ಮುಗ್ಗರಿಸಿದ. ಅವಳು ರಟ್ಟೆ ಹಿಡಿದಳು. ಅವನು ತಿರುಗಿ ಮುಷ್ಟಿಯಿಂದ ಅವಳ ಬಾಯಿಗೆ ಗುದ್ದಿದ. ಜನ ಸೇರಿದರು, ಇಬ್ಬರು ಅವನ ಕಾಲರ್ ಹಿಡಿದರು.

"ಬಿಡಿ ಅಣ್ಣ. ನಮ್ಮೂರವರೇ," ಎಂದಳು ಅವಳು. ಒಡೆದ ತುಟಿಗೆ ವೇಲು ಒತ್ತಿಕೊಂಡು ಬಸ್ ಹತ್ತಿದಳು. ಅವತ್ತು ಅವನು ಅವಳ ಪಕ್ಕದ ಸೀಟಿನಲ್ಲಿ ಬಂದು ಕೂತ. ಆದರೂ ಮಾತಾಡಲಿಲ್ಲ.

ಮಾತಾಡಿದ್ದು ಕೊನೆಯ ಸಲ, ಗಾಜಿನ ಕಣ್ಣು ಕೂಡಿಸಿಕೊಂಡು ವಾಪಸು ಬರುವಾಗ. ಪಿರಿಯಾಪಟ್ಟಣ ದಾಟಿತ್ತು.

"ಬಿಟ್ಬಿಟ್ಯಾ ಗಾಡಿ?"

"ಅಪ್ಪ ಮುರ್ದಾಕಿದ್ರು."

ಅವನು ಎದುರು ಸೀಟಿನ ಕಂಬಿಯನ್ನು ಹ್ಯಾಂಡಲ್ಲಿನಂತೆ ಹಿಡಿದುಕೊಂಡ. ಆಮೇಲೆ ಹೇಳಿದ. "ಅವತ್ತು ಕಟ್ಟೆ ಮೇಲೆ ಕೂತು ನೋಡ್ತಿದ್ದೆ. ನೀನು ಎತ್ತಿದ್ ಕೂಡ್ಲೆ ಮುಂದಿನ್ ಚಕ್ರನೇ ನೋಡ್ತೀಯ. ನಾನೂ ಹಂಗೇ ಮಾಡ್ತಿದ್ದೆ, ಅದಕ್ಕೇ ಬರ್ತಿರ್ಲಿಲ್ಲ. ಚಕ್ರ ನೋಡಿದ್ರೆ ತಿರುಗಲ್ಲ. ಎತ್ತೋಕ್ ಮುಂಚೆನೇ ತಲೆ ಹಿಂದಕ್ಕೆ ಹೊರಳಿಸ್ಬೇಕು, ಇಳಿಯೋ ಜಾಗ ನೋಡ್ಬೇಕು. ಸೊಂಟ ತಾನಾಗೇ ಬರುತ್ತೆ. ಗೊತ್ತಾದ್ದು ಅವತ್ತೇ. ಗೊತ್ತಾಗಿದ್ದಕ್ಕೇ ಸಿಟ್ಟು ಬಂತು. ಇನ್ನೊಂದೆರಡು ಸಲಕ್ಕೆ ನಿಂಗೇ ಬಂದ್ಬಿಡುತ್ತೆ ಅನ್ನಿಸ್ತು, ಒದ್ದೆ."

 ಕುಶಾಲನಗರದಲ್ಲಿ ಅವಳು ಇಳಿದು ಎರಡು ಟೀ ತಂದಳು. ಅವನು ಕುಡಿದ.

ಮುಂದಿನ ಬೇಸಿಗೆಗೆ ಮತ್ತೆ ಕಲಿಸಿಕೊಡಿ ಎಂದು ಅವಳು ಕೀರ್ತಿಯ ಕಾಲು ಹಿಡಿಯುವುದೊಂದು ಬಾಕಿ ಇತ್ತು. "ಆ ಕಣದಲ್ಲಿ ಒಂದು ಕಣ್ಣು ಹೋಯ್ತು, ನಂಗೆ ಸಾಕು," ಎಂದು ಅವನು ಒಂದು ತಿಂಗಳು ಒಪ್ಪಲಿಲ್ಲ. ಒಪ್ಪಿದ ಮೇಲೆ ತನ್ನ ಬೈಕನ್ನೇ ಕೊಟ್ಟ. ಮನೆಯಲ್ಲಿ ಅವಳು ಈ ಸಲ ಸುಳ್ಳು ಹೇಳಲಿಲ್ಲ. ಗಂಗಣ್ಣ ಎದ್ದು ನಿಂತರು, ಕೈಯೂ ಎದ್ದಿತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತದ್ದನ್ನು ನೋಡಿ ಅವರು ಶಲ್ಯ ಹೆಗಲಿಗೆಸೆದುಕೊಂಡು ಹೊರನಡೆದರು.

ಮೊದಲ ಭಾನುವಾರ ಏಳು ಸಲ ಬಿದ್ದಳು. ಎರಡನೆಯ ಭಾನುವಾರ ಹಿಂಬದಿ ಅರ್ಧ ಬೀಸಿ ನೆಲಕ್ಕೆ ಅಪ್ಪಳಿಸಿತು. ಪಾದ ಸಿಕ್ಕಿ ಹೆಬ್ಬೆರಳಿನ ಉಗುರು ಎದ್ದುಬಂತು. ಶೂ ಕಳಚಿ ರಕ್ತ ಚೆಲ್ಲಿ, ಬಟ್ಟೆ ಸುತ್ತಿ ಮತ್ತೆ ಹತ್ತಿದಳು. ಅವತ್ತು ಸಂಜೆಯ ಮೊದಲು, ಕೊನೆಯದೆಂದು ಬಂದ ಓಟದಲ್ಲಿ, ಬೆರಳು ಒತ್ತುವ ಮುಂಚೆಯೇ ತಲೆ ಹೊರಳಿಸಿ ಹಿಂದಿನ ಕಟ್ಟೆ ನೋಡಿದಳು. ಚಕ್ರ ಎದ್ದಿತು, ಸೊಂಟ ಬೀಸಿತು, ಕಾಫಿ ಗಿಡ, ಗೋದಾಮು, ಕೀರ್ತಿ ಎಲ್ಲ ಒಂದು ಗೆರೆಯಾಗಿ ಸರಿದು ಬೈಕು ಬಂದ ದಾರಿಗೆ ಮುಖ ಮಾಡಿ ಧಪ್ಪನೆ ಇಳಿಯಿತು. ಅವಳು ಬೀಳಲಿಲ್ಲ. ಕೀರ್ತಿ ಕೂಗುತ್ತಾ ಓಡಿ ಬರುವಾಗ ಅವಳು ಕೆಳಗಿಳಿದು ಮೊಬೈಲ್ ತೆಗೆದಿದ್ದಳು.

ನಿತೇಶ ಈಗ ಮರದ ಮಿಲ್ಲಿನಲ್ಲಿ ಗೇಟ್ ಕಾಯುತ್ತಿದ್ದ. ಲಾರಿ, ಬೈಕು ಎರಡೂ ಬಿಟ್ಟಿದ್ದ. ಫೋನು ಎತ್ತಿದ.

"ತಿರುಗ್ತು," ಎಂದಳು.

ಆ ಕಡೆ ಗರಗಸದ ಸದ್ದು ದೂರವಾಯಿತು. ಆಮೇಲೆ, "ಎಡಕ್ಕಾ, ಬಲಕ್ಕಾ?"

"ಎಡಕ್ಕೆ."

"ಬಲಕ್ಕೆ ಇನ್ನೂ ಕಷ್ಟ," ಎಂದು ಅವನು ಫೋನಿಟ್ಟ.

ಮುಂದಿನ ಭಾನುವಾರ ಅವಳು ಬಲಕ್ಕೆ ಪ್ರಯತ್ನಿಸಿ ಬಿದ್ದಳು. ಮಂಡಿಚಿಪ್ಪು ಬಿರುಕು ಬಿಟ್ಟಿತು. ಎರಡು ತಿಂಗಳು ಗೊಬ್ಬರದಂಗಡಿಯಲ್ಲಿ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಬಿಲ್ ಹಾಕಿದಳು.