ಹಾಲಿನ ಮೇಲೆ ನಿಗಾ

ನನ್ನ ಅತ್ತೆಯ ಮೇಲೆ ಸೊಸೈಟಿ ಆಫೀಸಿಗೆ ದೂರು ಹೋಗಿದೆ ಎಂದು ತಿಳಿದಾಗ, ಮೆಣಸಿನಕಾಯಿ ಹುರಿದ ಘಾಟು ಯಾರದೋ ಮನೆಗೆ ನುಗ್ಗಿರಬೇಕು ಎಂದುಕೊಂಡೆ. ಅತ್ತೆ ಧಾರವಾಡದಿಂದ ಬಂದು ಎರಡು ತಿಂಗಳಾಗಿತ್ತು. ನನ್ನ ಬೇಲಾಪುರದ ಆಫೀಸು ಮನೆಯಿಂದ ಕೆಲಸ ಮಾಡುವುದನ್ನು ನಿಲ್ಲಿಸಿದ್ದರಿಂದ, ಏಳನೇ ಕ್ಲಾಸಿನ ಮಗಳಿಗೆ ಜೊತೆಯಾಗಲೆಂದು ನಾವೇ ಕರೆಸಿಕೊಂಡಿದ್ದೆವು.

ಫೋನು ಮಾಡಿದವರು ಖಾರಘರದ ನಮ್ಮ ಕಟ್ಟಡದ ಸೆಕ್ರೆಟರಿ. ನಿವೃತ್ತರು, ಮರಾಠಿಯವರು, ಲಿಫ್ಟ್ ಕೆಟ್ಟರೂ ದನಿ ಏರಿಸದವರು. ಅಂದು ಅವರ ದನಿ ಇನ್ನೂ ಕೆಳಗಿಳಿದಿತ್ತು. ನಿಮ್ಮ ಸಾಸೂಬಾಯಿ ಎದುರು ಮನೆಯ ಹುಡುಗಿಯನ್ನು ಅವಳ ಬಣ್ಣ ಹಿಡಿದು ಬಯ್ಯುತ್ತಾರಂತೆ, ದಿನಾ ಬೆಳಿಗ್ಗೆ, ಅವಳು ಬರೆದು ಕೊಟ್ಟಿದ್ದಾಳೆ, ನಾಳೆ ಸಂಜೆ ಇಬ್ಬರೂ ಬನ್ನಿ ಎಂದರು.

ಎದುರು ಮನೆಯ ಹುಡುಗಿ ಘಾನಾ ದೇಶದವಳು. ಇಲ್ಲಿನ ಕಾಲೇಜಿನಲ್ಲಿ ಎಂಬಿಎ ಓದುತ್ತಿದ್ದಳು, ಒಬ್ಬಳೇ ಇರುತ್ತಿದ್ದಳು. ಲಿಫ್ಟಿನಲ್ಲಿ ಸಿಕ್ಕಾಗ ನಾನು ನಗುತ್ತಿದ್ದೆ, ಅವಳೂ ನಗುತ್ತಿದ್ದಳು. ಆರು ತಿಂಗಳಲ್ಲಿ ನಮ್ಮ ಪರಿಚಯ ಅಷ್ಟಕ್ಕೇ ನಿಂತಿತ್ತು.

ಮನೆಗೆ ಬಂದು ಅತ್ತೆಯನ್ನು ಕೇಳಿದೆ. "ಎದುರು ಮನೆಯವಳಿಗೆ ಎಂತ ಹೇಳಿದ್ರಿ ಅತ್ತೆ?"

"ನಾನ್ಯಾಕ ಏನರ ಅನ್ಲಿ? ಆಕಿ ಭಾಷಾ ನನಗ ಬರಂಗಿಲ್ಲ, ನಂದು ಆಕಿಗೆ ಬರಂಗಿಲ್ಲ."

"ದಿನಾ ಬೆಳಿಗ್ಗೆ ಏನೋ ಹೇಳ್ತೀರಂತೆ."

"ಮುಂಜಾನೆ ನಿನ್ನ ಮಗಳನ್ನ ಬಯ್ಯೂದರಾಗ ಹೊತ್ತು ಹೊಕ್ಕೇತಿ. ಊರ ಮಂದೀನ ಬಯ್ಯಾಕ ಟೈಮ್ ಎಲ್ಲೈತಿ?"

ಮರುದಿನ ಸಂಜೆ ಸೊಸೈಟಿ ಆಫೀಸಿನ ಪುಟ್ಟ ಕೋಣೆಯಲ್ಲಿ ನಾಲ್ವರು ಕುಳಿತೆವು. ಹುಡುಗಿ ಬೆನ್ನು ನೆಟ್ಟಗೆ ಮಾಡಿಕೊಂಡು, ಬ್ಯಾಗನ್ನು ಮಡಿಲಲ್ಲಿ ಹಿಡಿದಿದ್ದಳು. ಅತ್ತೆ ಮದುವೆಗೆ ಬಂದವರ ಹಾಗೆ ಇಳಕಲ್ ಸೀರೆ ಉಟ್ಟಿದ್ದರು. ಸೆಕ್ರೆಟರಿ ದೂರನ್ನು ಓದಿ, ಆ ಶಬ್ದ ಬಂದಲ್ಲಿ ಕೆಮ್ಮಿ, ಮುಂದಿನ ಸಾಲಿಗೆ ಹೋದರು.

"ಬೆಳಿಗ್ಗೆ ಎಂಟಕ್ಕೆ ನಾನು ಬಾಗಿಲು ತೆಗೆಯುತ್ತೇನೆ," ಎಂದು ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು. "ಇವರು ಜಾಲರಿ ಬಾಗಿಲ ಹಿಂದೆ ಕೂತಿರುತ್ತಾರೆ. ನನ್ನನ್ನು ನೋಡುತ್ತಾರೆ. ಆಮೇಲೆ ಆ ಶಬ್ದವನ್ನು ಕೂಗಿ ಹೇಳುತ್ತಾರೆ."

ಅತ್ತೆಗೆ ಇದನ್ನು ಕನ್ನಡದಲ್ಲಿ ಹೇಳಿದೆ. ಅವರು ಸ್ವಲ್ಪ ಯೋಚಿಸಿದರು. "ಎಂಟಕ್ಕ ನಾ ಸೊಪ್ಪು ಸೋಸತಿರ್ತೇನಿ. ಒಲಿ ಮ್ಯಾಲ ಹಾಲು ಇರ್ತೈತಿ. ನಿನ್ನ ಮಗಳು ಕಿವ್ಯಾಗ ವೈರು ಸಿಗಿಸಿಕೊಂಡು ಕುಂತಿರ್ತಾಳ. ಅದಕ್ಕ, ಹಾಲಿನ ಮ್ಯಾಲ ನಿಗಾ ಇಡು, ನಿಗಾ ಇಡು ಅಂತ ಒದರತೇನಿ."

ಹುಡುಗಿ ಕುರ್ಚಿಯಿಂದ ಅರ್ಧ ಎದ್ದಳು. "ಕೇಳಿದಿರಾ? ಈಗಲೂ ಎರಡು ಸಲ ಹೇಳಿದರು."

ನನಗೆ ಆಗ ಹೊಳೆಯಿತು: ಕಪ್ಪು ಜನರನ್ನು ಹೀಗಳೆಯುವ ಇಂಗ್ಲಿಷಿನ ಬೈಗುಳವೊಂದು ಕಿವಿಗೆ ಹೆಚ್ಚುಕಡಿಮೆ ನಿಗಾ ಎಂದೇ ಬೀಳುತ್ತದೆ. ಹೊಳೆದ ಕೂಡಲೇ ನಗು ಬಂತು, ನಗು ಬಂದದ್ದಕ್ಕೆ ನಾಚಿಕೆಯೂ ಆಯಿತು. ನಿಗಾ ಎಂದರೆ ಕನ್ನಡದಲ್ಲಿ ಗಮನ, ಹಾಲು ಉಕ್ಕದ ಹಾಗೆ ನೋಡಿಕೋ ಎಂದು ಅವರು ಹೇಳುವುದು ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಸೆಕ್ರೆಟರಿಗೆ ಹಿಂದಿಯಲ್ಲಿ, "ನಿಗಾಹ್ ಇದೆಯಲ್ಲ, ಅದೇ," ಎಂದೆ. ಅವರ ಮುಖ ಅರಳಿತು. "ಅರೇ, ಗಜಲ್‌ವಾಲಾ ನಿಗಾಹ್!"

ಹುಡುಗಿಯ ಮುಖ ಅರಳಲಿಲ್ಲ. "ನಾನು ಏನೇ ಕೇಳಿಸಿಕೊಂಡರೂ ಇಲ್ಲಿ ಅದಕ್ಕೆ ಯಾರಾದರೂ ಒಂದು ಒಳ್ಳೆಯ ಅರ್ಥ ಹೇಳುತ್ತಾರೆ," ಎಂದಳು.

ಅತ್ತೆ ಚೀಲದಲ್ಲಿ ಮಡಿಚಿಟ್ಟುಕೊಂಡಿದ್ದ ಕನ್ನಡ ಪೇಪರು ಸಹಾಯಕ್ಕೆ ಬಂತು. ಒಳಪುಟದಲ್ಲಿ 'ಹಬ್ಬಕ್ಕೆ ಪೊಲೀಸರ ನಿಗಾ' ಎಂಬ ತಲೆಬರಹ ಸಿಕ್ಕಿತು. ಹುಡುಗಿ ಅದರ ಮೇಲೆ ಫೋನು ಹಿಡಿದಳು. ಫೋನು ಇಂಗ್ಲಿಷಿನಲ್ಲಿ 'ಪೊಲೀಸ್ ಕಣ್ಗಾವಲು' ಎಂದು ತೋರಿಸಿತು. ನಾನು ಉಸಿರು ಬಿಟ್ಟೆ. ಅವಳು ಹುಬ್ಬು ಗಂಟಿಕ್ಕಿದಳು.

"ಹಾಗಾದರೆ ಇವರು ನನ್ನ ಮೇಲೆ ಕಣ್ಗಾವಲು ಇಟ್ಟಿದ್ದಾರೆಯೇ?"

ಇಲ್ಲ, ಹಾಲಿನ ಮೇಲೆ ಎನ್ನಲು ಹೊರಟೆ. ಅಷ್ಟರಲ್ಲಿ ಅತ್ತೆ, ಆಕಿ ಏನಂದ್ಲು ಎಂದರು. ಹೇಳಿದೆ. "ಇಟ್ಟೇನಿ, ಹೌದು," ಎಂದುಬಿಟ್ಟರು. "ಒಬ್ಬಾಕಿನ ಇರ್ತಾಳ. ಹೋದ ವಾರ ನಾಕು ದಿನ ಕೆಮ್ಮಾಕತ್ತಿದ್ಲು. ಬಾಗಲಾ ತಗದ್ಲೋ ಇಲ್ಲೋ ಅಂತ ನೋಡಬ್ಯಾಡಾ?"

ಇದನ್ನು ಒಂದಕ್ಷರ ಬಿಡದೆ ಅನುವಾದಿಸಿದೆ. ಹುಡುಗಿ ಕುರ್ಚಿಯನ್ನು ಅತ್ತೆಯತ್ತ ತಿರುಗಿಸಿದಳು. ಈ ಊರಿನಲ್ಲಿ ಸ್ಟೇಷನ್ನಿನಿಂದ ಗೇಟಿನವರೆಗೆ ತನ್ನನ್ನು ಎಲ್ಲರೂ ನೋಡುತ್ತಾರೆ, ಕೆಮ್ಮು ಕೇಳಿಸಿಕೊಂಡವರು ಇವರೊಬ್ಬರೇ ಎಂದಳು. ಮತ್ತೆ ನನ್ನತ್ತ ತಿರುಗಿ, "ಇದರ ಅರ್ಥ ಗೊತ್ತಾಯಿತು. ಗೇಟಿನಲ್ಲಿ ನನ್ನನ್ನು ಕರೆಯುವ ಇನ್ನೆರಡು ಶಬ್ದಗಳಿವೆ, ಅವುಗಳ ಅರ್ಥವನ್ನೂ ಹೇಳಿ," ಎಂದು ಆ ಎರಡನ್ನೂ ಸ್ಪಷ್ಟವಾಗಿ ಉಚ್ಚರಿಸಿದಳು.

ಅವಕ್ಕೆ ಒಳ್ಳೆಯ ಅರ್ಥ ಯಾವ ಭಾಷೆಯಲ್ಲೂ ಇರಲಿಲ್ಲ. ಸೆಕ್ರೆಟರಿ ಫ್ಯಾನು ನೋಡಿದರು. ನಾನು ಪೇಪರು ಮಡಿಚಿದೆ. ಅತ್ತೆಗೂ ಅವು ಅರ್ಥವಾಗಿದ್ದವು. "ಆಕಿಗೆ ಖರೇ ಹೇಳು," ಎಂದರು. ಹೇಳಿದೆ. ನನಗೆ ಮೊದಲೇ ಗೊತ್ತಿತ್ತು, ಯಾರಾದರೂ ಹೇಳುತ್ತಾರೋ ನೋಡುತ್ತಿದ್ದೆ ಎಂದಳು. ನೋಟಿಸ್ ಹಾಕುತ್ತೇನೆ, ಗೇಟಿನವರ ಜೊತೆ ನಾನೇ ಮಾತಾಡುತ್ತೇನೆ ಎಂದು ಸೆಕ್ರೆಟರಿ ಮಾತು ಕೊಟ್ಟರು. ಆ ಸಮಾಧಾನದಲ್ಲಿ ಫೈಲು ಮುಚ್ಚಿ, ಎದ್ದು ನಿಂತು ಮರಾಠಿಯಲ್ಲಿ, "ಚಲಾ, ಆತಾ ಸಗಳೇ ನಿಘಾ," ಎಂದರು.

ಎಲ್ಲರೂ ಇನ್ನು ಹೊರಡಿ ಎಂದಷ್ಟೇ ಅದರ ಅರ್ಥ. ಹುಡುಗಿ ತಟ್ಟನೆ ತಲೆ ಎತ್ತಿದಳು. ತಮ್ಮ ಬಾಯಿಂದ ಏನು ಹೊರಬಿತ್ತೆಂದು ತಿಳಿದು ಸೆಕ್ರೆಟರಿಯವರ ಕಿವಿ ಕೆಂಪಾಯಿತು. "ಮರಾಠಿ, ಮೇಡಮ್, ಮರಾಠಿ," ಎಂದು ಎರಡೂ ಕೈ ಆಡಿಸಿದರು. ಮೊದಲು ನಕ್ಕವಳು ಹುಡುಗಿ. ನಗುತ್ತ ನಗುತ್ತ ಅವಳ ಬ್ಯಾಗು ಕೆಳಗೆ ಬಿತ್ತು. ಅದನ್ನು ಎತ್ತಿಕೊಟ್ಟ ಅತ್ತೆ, ಯಾಕೆ ನಗುತ್ತಿದ್ದೇವೆಂದು ತಿಳಿಯದೆ ತಾವೂ ನಕ್ಕರು.

ನೋಟಿಸು ಮೂರನೇ ದಿನ ಬೋರ್ಡಿಗೆ ಬಂತು. ಅದರ ಇಂಗ್ಲಿಷಿನಲ್ಲಿದ್ದ ಎರಡು ಸ್ಪೆಲಿಂಗ್ ತಪ್ಪುಗಳನ್ನು ಹುಡುಗಿ ಪೆನ್ನಿನಿಂದ ತಿದ್ದಿದಳು. ಗೇಟಿನಲ್ಲಿ ಒಂದು ಶಬ್ದ ನಿಂತಿತು, ಇನ್ನೊಂದು ನಿಲ್ಲಲು ಇನ್ನೂ ಎರಡು ಸಲ ಹೇಳಬೇಕಾಯಿತು.

ಭಾನುವಾರ ಅತ್ತೆ ಅವಳನ್ನು ಕೈಸನ್ನೆಯಲ್ಲೇ ಒಳಗೆ ಕರೆದು, ಮೆಣಸು, ಶುಂಠಿ ಹಾಕಿದ ಕಷಾಯ ಕೊಟ್ಟರು. ಒಂದು ಗುಟುಕಿಗೆ ಅವಳ ಕಣ್ಣಲ್ಲಿ ನೀರು ಬಂತು. "ನಾನು ದೂರನ್ನು ವಾಪಸ್ ತೆಗೆದುಕೊಂಡೆನಲ್ಲ, ಮತ್ತೆ ಯಾಕೆ ಈ ಶಿಕ್ಷೆ?" ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದಳು.

"ಏನಂತಾಳ?" ಎಂದರು ಅತ್ತೆ.

"ಭಾರೀ ಲಾಯ್ಕ ಆಗಿದೆಯಂತೆ ಅತ್ತೆ," ಎಂದೆ.

ಅತ್ತೆ ಲೋಟವನ್ನು ಮತ್ತೆ ತುಂಬಿಸಿದರು.