ಹಸನಾಕ ಮತ್ತು ಗೋಡೆಯೊಳಗಿನ ಎರಡು ದಾರಿ

ಯಾವ ಸ್ಟೇಷನ್ನಿಗೂ ತಿರುಗಿಸದ ಪುಟ್ಟ ರೇಡಿಯೋವನ್ನು ಗೋಡೆಗೆ ಒತ್ತಿಹಿಡಿದು, ಕಣ್ಣು ಮುಚ್ಚಿಕೊಂಡು, ಏಡಿಯ ಹಾಗೆ ಅಡ್ಡಡ್ಡ ನಡೆಯುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ. ಬೆಳ್ತಂಗಡಿಯಲ್ಲಿ ನಾವು ಕಟ್ಟಿಸಿದ ಮನೆಗೆ ವಯರಿಂಗ್ ಮಾಡಿದ ವಾಮದಪದವಿನ ಹಸನ್ ಕಾಕ ಅವರು, ಎಲ್ಲರ ಬಾಯಲ್ಲಿ ಹಸನಾಕ. ಗೋಡೆಯೊಳಗೆ ಕರೆಂಟಿನ ಪೈಪು ಇರುವಲ್ಲಿ ರೇಡಿಯೋ ಗರಗರ ಎನ್ನುತ್ತಿತ್ತು. “ಗೋಡೆ ಮಾತಾಡ್ತದೆ ಟೀಚರೇ! ಕೇಳುವ ಕಿವಿ ಬೇಕು. ಅದು ಈ ತಾಲೂಕಿನಲ್ಲಿ ನನಗೆ ಮಾತ್ರ ಉಂಟು!” ಎಂದು ಅವರು ಕೂಗುತ್ತಿದ್ದರು. ಮೆಲ್ಲಗೆ ಮಾತಾಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಮಹಡಿಯಲ್ಲಿ ನಿಂತು ಸ್ಕ್ರೂಡ್ರೈವರ್ ಕೇಳಿದರೆ ರಸ್ತೆಯಾಚೆಯ ಅಂಗಡಿಯವನು ತಂದುಕೊಡುತ್ತಿದ್ದ.

ಅವರದು ಇಸ್ತ್ರಿ ಹಾಕಿದ ಬಿಳಿ ಅಂಗಿ, ಅತ್ತರಿನ ಪರಿಮಳ, ತಲೆಯ ಮೇಲೊಂದು ಬಿಳಿ ಟೊಪ್ಪಿ. ಗಲ್ಫಿನಲ್ಲಿ ದೊಡ್ಡ ದೊಡ್ಡ ಹೋಟೆಲುಗಳಿಗೆ ವಯರು ಎಳೆದು ಬಂದವರೆಂಬ ಜಂಬ ಧಾರಾಳವಾಗಿತ್ತು. ಕೆಲಸಕ್ಕೆ ಮೊದಲು ಮೇನ್ ಸ್ವಿಚ್ ಇಳಿಸಿ ಟೊಪ್ಪಿಯನ್ನು ಅದರ ಮೇಲೆ ತೂಗುಹಾಕುತ್ತಿದ್ದರು. “ಟೊಪ್ಪಿ ಅಲ್ಲಿದ್ದರೆ ಹಸನ್ ಒಳಗೆ ವಯರು ಹಿಡಿದಿದ್ದಾನೆ ಅಂತ ಲೆಕ್ಕ. ಯಾರೂ ಮುಟ್ಟಲಿಕ್ಕಿಲ್ಲ.” ನನ್ನ ಯಜಮಾನರು ಕೂಡ ಆ ಟೊಪ್ಪಿಯ ಹತ್ತಿರ ಹೋಗಲು ಹೆದರುತ್ತಿದ್ದರು.

ನಾನು ಸಂಗೀತದ ಟೀಚರು. ಶಾಲೆಯ ಕೆಲಸ ಹೋದ ಮೇಲೆ ಮಸ್ಕತ್ತಿನಲ್ಲಿರುವ ನಮ್ಮೂರ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಪಾಠ ಹೇಳುವ ಯೋಚನೆ ಹುಟ್ಟಿತು. ಅದೊಂದೇ ನನ್ನ ಮುಂದಿದ್ದ ದಾರಿ. ಅದಕ್ಕೆಂದೇ ಹಿಂಬದಿಯಲ್ಲಿ ಒಂದು ಕೋಣೆ ಮಾಡಿಸಿದೆವು. ನಾನು ಶ್ರುತಿಪೆಟ್ಟಿಗೆ ಇಟ್ಟುಕೊಂಡು ಕೂರುವ ಮೂಲೆಯಿಂದ ಕಂಪ್ಯೂಟರಿನ ಮೂಲೆಗೆ ಮೈಕಿನ ವಯರು ಗೋಡೆಯೊಳಗೇ ಹೋಗಬೇಕಿತ್ತು.

ಹಸನಾಕ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದರು. ನಡುವೆ ಒಂದು ಗೇಣಿಗಿಂತ ಹೆಚ್ಚು ಜಾಗ. ಎರಡು ಪೈಪು ಯಾಕೆಂದು ಕೇಳಿದೆ. “ಕರೆಂಟು ಹೊಸ ಅಳಿಯ, ಮಾತಿನ ವಯರು ಅತ್ತೆ” ಎಂದರು. “ನಮ್ಮ ಹಳೆಯ ಮನೆಗಳಲ್ಲಿ ಅಳಿಯ ಬಂದರೆ ಅತ್ತೆ ಎದುರಿಗೆ ಬರ್ಲಿಕ್ಕಿಲ್ಲ. ಮನೆ ಒಂದೇ, ದಾರಿ ಬೇರೆ. ದಾಟಲೇಬೇಕು ಅಂತಾದರೆ ಸೀದಾ ಅಡ್ಡ ದಾಟಿ ಆಚೆ ಹೋಗಬೇಕು. ಅಳಿಯನ ಮಗ್ಗುಲಲ್ಲೇ ನಡೆದುಕೊಂಡು ಹೋಗುವುದಲ್ಲ, ಗೊತ್ತಾಯ್ತಾ?” ಬಾಗಿಲ ಮೇಲೆ ಎರಡು ಗೆರೆ ಸಂಧಿಸುವಲ್ಲಿ ಅವರು ಮೂಲೆಮಟ್ಟ ಇಟ್ಟು ನೇರ ಅಡ್ಡಗೆರೆ ಹಾಕಿದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಕರೆಂಟಿನ ಪೈಪು, ವಯರು ಮುಗಿದಿತ್ತು; ಅಷ್ಟರಲ್ಲಿ ತಂಗಿಯ ಮಗಳ ಮದುವೆಗೆಂದು ಅವರು ಊರಿಗೆ ಹೋದರು. ಗಾರೆಯ ಬಾಬು ಮೇಸ್ತ್ರಿಗೆ ಮನೆಯೊಕ್ಕಲಿನ, ಅಂದರೆ ಗೃಹಪ್ರವೇಶದ, ಮುಹೂರ್ತದ ಅವಸರ. ಕೆಂಪುಕಲ್ಲಿನ ಗೋಡೆಯಲ್ಲಿ ಪೈಪು ಕೂರಿಸಲು ಎರಡನೆಯ ಸೀಳು ಕೊರೆಯಲು ಸೋಮಾರಿತನ ಬೇರೆ. ಮೈಕಿನ ವಯರಿಗೆ ತೆಂಗಿನೆಣ್ಣೆ ಸವರಿ, ಕರೆಂಟಿನ ಪೈಪಿನೊಳಗೇ ಎಳೆದು, ಸಾರಣೆ ಮಾಡಿ, ಸುಣ್ಣ ಬಳಿದು, ಏನೂ ಆಗದವರಂತೆ ಎಲೆಯಡಿಕೆ ಹಾಕಿಕೊಂಡು ಕುಳಿತುಬಿಟ್ಟರು. ನಮಗೆ ಒಂದು ಮಾತು ಹೇಳಲಿಲ್ಲ.

ಒಕ್ಕಲು ಚೆನ್ನಾಗಿಯೇ ಆಯಿತು. ಮಸ್ಕತ್ತಿನ ತಾಯಂದಿರು ನನ್ನ ಪಾಠ ಕೇಳಿ ನೋಡುವ ದಿನ ಹತ್ತಿರ ಬಂತು. ಅದರ ಹಿಂದಿನ ದಿನ ಬೆಳಿಗ್ಗೆ ಮೈಕು ಹಾಕಿ ‘ಸಾ’ ಹಿಡಿದೆ. ಸ್ಪೀಕರಿನಲ್ಲಿ ನನ್ನ ಶ್ರುತಿಗೆ ಸೇರದ ‘ಗುಂಯ್’ ಎಂಬ ಇನ್ನೊಂದು ಶ್ರುತಿ! ನಾನು ನಿಲ್ಲಿಸಿದರೂ ಅದು ನಿಲ್ಲದು. ಈ ಸದ್ದು ಕೇಳಿದ ಯಾವ ತಾಯಿ ಮಗುವನ್ನು ನನ್ನ ಹತ್ತಿರ ಬಿಟ್ಟಾಳು? ನನಗೆ ಅಳುವೇ ಬಂತು. ಹಸನಾಕನಿಗೆ ಫೋನು ಮಾಡಿದೆ.

ಮಧ್ಯಾಹ್ನದೊಳಗೆ ಬಂದರು. ತಾವೆಳೆದ ಎರಡನೆಯ ಗೆರೆ ಇದ್ದ ಜಾಗದ ಮೇಲೆ ರೇಡಿಯೋ ಓಡಿಸಿದರು, ಕೈಯಿಂದ ಗೋಡೆ ತಟ್ಟಿದರು, ಎಲ್ಲಿಯೂ ಟೊಳ್ಳು ಸದ್ದು ಬರಲಿಲ್ಲ; ಬಾಬು ಮೇಸ್ತ್ರಿಯನ್ನು ಕರೆಸಿದರು. “ಇಲ್ಲಿ ಪೈಪೇ ಇಲ್ಲ. ಅತ್ತೆಯನ್ನು ಎಲ್ಲಿ ಕೂರಿಸಿದ್ದೀ ಮಾರಾಯ?”

“ಎರಡೂ ವಯರೇ ಅಲ್ವಾ ಹಸನಾಕ? ಒಳಗೆ ಯಾರು ನೋಡ್ತಾರೆ?” ಎಂದರು ಮೇಸ್ತ್ರಿ.

ನನ್ನ ಯಜಮಾನರು ಹೊಸ ಸುಣ್ಣದ ಗೋಡೆಯನ್ನೊಮ್ಮೆ ಸವರಿ, “ಸ್ವಲ್ಪ ಸದ್ದು ತಾನೆ, ಇರಲಿ ಬಿಡಿ” ಎಂದರು. ಹಸನಾಕ ಟೊಪ್ಪಿ ತೆಗೆದು ಮೇನ್ ಸ್ವಿಚ್ಚಿಗೆ ತೂಗುಹಾಕಿ, ಆ ವಯರನ್ನು ಹೊರಗೆಳೆದರು. ಪೈಪಿನ ತಿರುವಿನಲ್ಲಿ ಬಲವಂತವಾಗಿ ಎಳೆದ ಕಡೆ ಅದರ ಸಿಪ್ಪೆ ಸುಲಿದು ತಾಮ್ರ ಕಾಣುತ್ತಿತ್ತು. ಅದೇ ತಿರುವಿನಲ್ಲಿ ಕರೆಂಟಿನ ವಯರಿನ ಸಿಪ್ಪೆಯೂ ಅರ್ಧ ಸವೆದಿತ್ತು.

“ಸದ್ದಿನ ಮಾತು ಬಿಡಿ. ಇನ್ನೊಂದು ಸ್ವಲ್ಪ ಸವೆದಿದ್ದರೆ ಅಳಿಯ ಸೀದಾ ಮೈಕಿಗೆ ಬರ್ತಿದ್ದ. ಮೈಕು ಕಬ್ಬಿಣದ್ದು. ಟೀಚರ ಬಾಯಿ ಎಲ್ಲಿರ್ತದೆ?”

ಯಜಮಾನರು ಒಳಗೆ ಹೋಗಿ ತಾವೇ ಉಳಿ ಸುತ್ತಿಗೆ ತಂದುಕೊಟ್ಟರು.

ಆಮೇಲೆ ನಡೆದದ್ದು ಯುದ್ಧವೇ. ಬಾಬು ಮೇಸ್ತ್ರಿ ಕಲ್ಲು ಕೊರೆದರು, ಹಸನಾಕ ಬೈದರು; ಬೈದಷ್ಟೂ ಕೆಲಸ ಚುರುಕಾಯಿತು. ಸವೆದ ಕರೆಂಟಿನ ವಯರು ಹೋಗಿ ಹೊಸದು ಬಂತು. ಮೈಕಿನ ವಯರು ತನ್ನದೇ ಪೈಪಿನಲ್ಲಿ, ದೂರದಲ್ಲಿ, ಬಾಗಿಲ ಮೇಲೆ ಮಾತ್ರ ನೇರ ಅಡ್ಡ ದಾಟಿ ಹೋಯಿತು. ಮರುದಿನ ಹೊತ್ತೇರುವ ಮೊದಲು ಹಸನಾಕ ಟೊಪ್ಪಿ ತಲೆಗಿಟ್ಟು ಸ್ವಿಚ್ ಏರಿಸಿದರು. “ಫ್ಯಾನು ಹಾಕಿ! ಬಾವಿಯ ಪಂಪು ಹಾಕಿ! ಮಿಕ್ಸಿ ಹಾಕಿ!” ಮಿಕ್ಸಿಯ ಗದ್ದಲ ಹೇಗೂ ಮೈಕಿಗೆ ಬೀಳುತ್ತದೆ, ಅದು ಬೇಡವೆಂದು ಅವರನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ಸ್ಪೀಕರಿನಲ್ಲಿ ‘ಗುಂಯ್’ ಇಲ್ಲವೇ ಇಲ್ಲ.

ಸಂಜೆ ಹಾಡಿದೆ. ಹಾಡು ಮುಗಿಸಿದಾಗ ಆ ಕಡೆಯಿಂದ ಒಬ್ಬ ತಾಯಿ, “ಟೀಚರೇ, ಇದ್ದೀರಾ? ಹಾಡು ನಿಲ್ಲಿಸಿದ ಕೂಡಲೇ ಲೈನು ಕಟ್ಟಾಯಿತು ಅಂತ ಎಣಿಸಿದೆ. ಅಷ್ಟು ನಿಶ್ಶಬ್ದ!” ಎಂದರು. ಎಲ್ಲ ಮಕ್ಕಳೂ ನನ್ನ ಕ್ಲಾಸಿಗೇ ಸೇರಿದರು. ಅಂಗಳದಲ್ಲಿ ಹಸನಾಕ ಬಾಬು ಮೇಸ್ತ್ರಿಯನ್ನು ತಬ್ಬಿಕೊಂಡು ಕುಣಿಯುತ್ತಿದ್ದರು. ತಾವೇ ಹಾಡಿ ಗೆದ್ದವರಂತೆ ಬೀಗುತ್ತಿದ್ದರು, ಮತ್ತು ನನಗದು ಸರಿಯೆಂದೇ ಕಂಡಿತು.

ಅವರನ್ನು ಕೊನೆಯ ಸಲ ನೋಡಿದ್ದು ಹೋದ ವರ್ಷ, ಕ್ಲಾಸು ನಡೆಯುತ್ತಿದ್ದಾಗ. ಆರೋಗ್ಯ ಕೆಟ್ಟಿತ್ತು, ಅಂಗಿ ಸಡಿಲವಾಗಿತ್ತು. ದೂರದಲ್ಲಿರುವ ಮಗಳ ಮನೆಗೆ ಹೊರಟವರು ಹೇಳಿ ಹೋಗಲು ಬಂದಿದ್ದರಂತೆ. ಮಸ್ಕತ್ತಿನ ಒಂದು ಪುಟ್ಟ ಹುಡುಗಿ ಬಹಳ ದಿನದಿಂದ ತಪ್ಪುತ್ತಿದ್ದ ಸ್ವರವನ್ನು ಆಗತಾನೇ ಸರಿಯಾಗಿ ಹಿಡಿಯುತ್ತಿದ್ದಳು. ನಾನು ಏಳಲು ಹೊರಟೆ. ಅವರು ಬೇಡವೆಂದು ಕೈಯಾಡಿಸಿ, ಮೈಕು ತೋರಿಸಿ, ತುಟಿಯ ಮೇಲೆ ಬೆರಳಿಟ್ಟರು. ಗೋಡೆಯನ್ನೊಮ್ಮೆ ತಟ್ಟಿದರು. ಆಮೇಲೆ ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದ ಆ ಮನುಷ್ಯ ಒಂದೇ ಒಂದು ಸದ್ದು ಮಾಡದೆ, ಕೋಣೆಯನ್ನು ಸೀದಾ ಅಡ್ಡ ದಾಟಿ, ಆಚೆ ಬಾಗಿಲಿನಿಂದ ಹೊರಟುಹೋದರು.