ಮಂಡಿಯುದ್ದ ನೀರು

ಮಂಜ, ನಿಮ್ಮಣ್ಣ ಕುಮಾರನಿಗೆ ಕೆರೆಯ ಆಳದ ಬಗ್ಗೆ ಸುಳ್ಳು ಹೇಳಿದವನು ನಾನು. ಗೊತ್ತಿದ್ದೇ ಹೇಳಿದೆ.

ನಮ್ಮ ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ ನಾವಿಬ್ಬರೂ ಆಟಿಕೆ ರೈಲಿಗೆ ಊರು ಕಟ್ಟುತ್ತಿದ್ದೆವಲ್ಲ — ಹಳಿಯ ಪಕ್ಕ ನಮ್ಮೂರ ಕೆರೆಯೇ ಇರಬೇಕೆಂದು ಹಟ ಹಿಡಿದವನು ನಾನೇ. ಆ ಬೇಸಿಗೆ ಕೆರೆ ಒಣಗಿತ್ತು. ನೀನು ತಿಪಟೂರಿನ ಕಾಲೇಜಿಗೆ ಹೋದಾಗ ನಾನೊಬ್ಬನೇ ಹಗ್ಗಕ್ಕೆ ಗಂಟು ಹಾಕುತ್ತ ಕೆರೆಯಂಗಳ ಅಳೆದೆ. ಮೆಟ್ಟಿಲು, ತೂಬು, ಏರಿಯ ಕಲ್ಲು — ಎಲ್ಲವೂ ದಿನಚರಿಯಲ್ಲಿ ತಾರೀಖಿನೊಂದಿಗೆ ಇವೆ. ತೂಬಿನ ಎಡಕ್ಕಿದ್ದ ಗುಂಡಿಯನ್ನು ಮಾತ್ರ ಬರೆಯಲಿಲ್ಲ. ನಮ್ಮ ತೆಂಗಿನ ತೋಟಕ್ಕೆ ಹೂಳು ಹೊಡೆಸಿದಾಗ ಜೆಸಿಬಿ ತೋಡಿದ ಗುಂಡಿ ಅದು. ಎರಡಾಳು ಆಳ. ನಮ್ಮ ಆಟದೂರಿನ ಪ್ಲೈವುಡ್ಡಿನ ಮೇಲೆ ಅದನ್ನು ತೋರಿಸಿದರೆ ದಡದ ಅಂದ ಕೆಡುತ್ತಿತ್ತು. ನುಣ್ಣನೆ ಇಳಿಜಾರು ಮಾಡಿ, ಕೆರೆಮಣ್ಣು ಬಳಿದು, ತೆಂಗಿನ ನಾರನ್ನು ಜೊಂಡಿನಂತೆ ನೆಟ್ಟು, ನೀರಿನ ಬದಲು ರೆಸಿನ್ ಎಂಬ ತಿಳಿ ಅಂಟು ಸುರಿದೆ. ದಿನಕ್ಕೊಂದು ತೆಳು ಪದರ. ಎಲ್ಲ ಸೇರಿ ಒಂದು ಬೆರಳು ದಪ್ಪ. ನೀನು ಮಾಡಿದ ಜೇಡಿಮಣ್ಣಿನ ಎಮ್ಮೆಯನ್ನು ತೂಬಿನ ಎಡಪಕ್ಕ ನಿಲ್ಲಿಸಿದೆವು.

ಮಳೆಗೆ ಕೆರೆ ತುಂಬಿತು. ಲಾರಿ ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಕುಮಾರಣ್ಣ, ಎಮ್ಮೆಯ ಮೈ ತೊಳೆಯಲು ಹೊರಟವನು ಕೋಣೆಗೆ ಇಣುಕಿದ.

"ಲೇ, ನಮ್ ಕೆರೆನೇ ಎತ್ಕಂಡ್ ಬಂದು ಮಡಗಿದ್ದೀರಲ್ಲೋ! ಎಲ್ಲಾ ಅಳತೆ ಪ್ರಕಾರನೇ ಏನ್ಲಾ?"

"ಒಂದಿಂಚೂ ತಪ್ಪಿಲ್ಲ ಕಣಣ್ಣ."

"ಹಂಗಾರೆ ತೂಬಿನ್ ಪಕ್ಕನೇ ಎಮ್ಮೆ ಇಳಿಸ್ಬೌದು ಅನ್ನು."

ಗುಂಡಿ ಇದೆ ಎಂದರೆ ನನ್ನ ಕೆರೆ ತಪ್ಪು ಎಂದು ಒಪ್ಪಬೇಕಿತ್ತು. ಅವನ ಕಣ್ಣಿನಲ್ಲಿ ಮೆಚ್ಚುಗೆ ಇತ್ತು, ನಾನು —

"ಇಳಿ ಬುಡಣ್ಣ, ಮಂಡಿಯುದ್ದ ನೀರು."

ಸಂಜೆ ಎಮ್ಮೆ ಒಂದೇ ಮನೆಗೆ ಬಂತು, ಕೊಂಬಿನ ತನಕ ಒದ್ದೆಯಾಗಿ. ಹೆಣ ಮರುದಿನ ಮೆಟ್ಟಿಲ ಬಳಿ ತೇಲಿತು. ಊರವರು ಕೆರೆಯನ್ನು ಬೈದರು. ನಾನೂ ಅವರ ನಡುವೆ ನಿಂತು ತಲೆಯಾಡಿಸಿದೆ.

ಆಮೇಲೆ ನೀನು ನಮ್ಮ ಕೋಣೆಗೆ ಬರಲಿಲ್ಲ, ಹಾಗಾಗಿ ಇದು ನಿನಗೆ ಗೊತ್ತಿಲ್ಲ. ರೆಸಿನ್ ಎಲ್ಲ ಕಡೆ ಗಾಜಿನಂತೆ ಗಟ್ಟಿಯಾಯಿತು. ತೂಬಿನ ಎಡಕ್ಕೆ ಮಾತ್ರ ಆಗಲಿಲ್ಲ. ಬೆರಕೆ ತಪ್ಪಿರಬೇಕು ಅಂದುಕೊಂಡೆ. ಆದರೆ ನಿನ್ನ ಜೇಡಿಮಣ್ಣಿನ ಎಮ್ಮೆ ಅದರೊಳಗೆ ಇಳಿಯುತ್ತಿದೆ, ಮಂಜ. ಪ್ರತಿ ಯುಗಾದಿಗೆ ಸ್ಕೇಲ್ ಇಟ್ಟು ನೋಡುತ್ತೇನೆ. ಮೊದಲು ಗೊರಸು, ಆಮೇಲೆ ಹೊಟ್ಟೆ, ಈ ಸಲ ಕೊಂಬಿನ ತುದಿಯೂ ಇಲ್ಲ. ನಾನು ಸುರಿದದ್ದು ಒಂದು ಬೆರಳು, ಅದರ ಕೆಳಗೆ ಪ್ಲೈವುಡ್. ಎಮ್ಮೆಯ ಎತ್ತರವೇ ಎರಡು ಬೆರಳು. ನಾನು ಬಗ್ಗಿ ನೋಡುವಾಗ ಮೇಲೆ ಅಟ್ಟದಲ್ಲಿ ಒಣಗಿದ ಕಾಯಿಗಳೊಳಗೆ ಕೊಬ್ಬರಿ ಗಿಟಗಿಟ ಅಲುಗುತ್ತದೆ — ಯಾರೂ ಮುಟ್ಟದೆ.

ಮೊನ್ನೆ ತಿಥಿ ಮುಗಿಸಿ ನಿಮ್ಮವ್ವ ಬಂದಿದ್ದರು. ನಿಜವಾದ ಕೆರೆಯ ಕಡೆ ಅವರು ಹೋಗಲಾರರು, ಅದಕ್ಕೇ ನಮ್ಮದನ್ನು ನೋಡಬೇಕಂತೆ.

"ನನ್ ಮಗ ಎಲ್ಲಿ ಇಳ್ದ, ತೋರ್ಸು ಕಣಪ್ಪ."

ನಾನು ಮೆಟ್ಟಿಲಿನ ಕಡೆ ಕೈ ಮಾಡಿದೆ. ಮತ್ತೆ ಸುಳ್ಳು. ಅವರ ಬೆರಳು ದಡ ಸವರುತ್ತ ತಾನಾಗಿಯೇ ತೂಬಿನ ಎಡಕ್ಕೆ ಸರಿದು ನಿಂತಿತು. ಎತ್ತಿದಾಗ ತುದಿ ಒದ್ದೆಯಾಗಿತ್ತು. ಅಂಟಲ್ಲ — ನೀರು. ಸೆರಗಿಗೆ ಒರೆಸಿಕೊಂಡು, "ಇನ್ನೂ ಒಣಗಿಲ್ವಲ್ಲಪ್ಪ" ಎಂದರು.

ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಅವನು ಇಳಿದ ಜಾಗವನ್ನು, ಆ ಗುಂಡಿ ಯಾರದೆಂಬುದನ್ನು ಅವ್ವನ ಮುಂದೆಯೇ ಹೇಳುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಹೇಳುತ್ತೇನೆ. ಹಗ್ಗವನ್ನೂ ತರುತ್ತೇನೆ. ಅಂದು ಗುಂಡಿಗೆ ಇಳಿಬಿಟ್ಟು ಹಾಕಿದ ಗಂಟು ಅದರಲ್ಲಿ ಇನ್ನೂ ಹಾಗೆಯೇ ಇದೆ.